ಬಾಯಿ ತೊಳೆಯುವುದು ಯಾರಿಗಾಗಿ

ಅರ್ಚಕನ ಕೆಲಸದಲ್ಲಿ ಕಣ್ಣು ಕಿವಿಗಳಿಗಿಂತ ಹೆಚ್ಚು ದುಡಿಯುವುದು ಮೂಗು. ಗರ್ಭಗುಡಿಯೊಳಗೆ ಎಣ್ಣೆಯ ಕಮಟು, ಒದ್ದೆ ಬಿಲ್ವಪತ್ರೆ, ನಿನ್ನೆಯ ಹೂವು, ಕರ್ಪೂರ. ಹೊಸ್ತಿಲಿನಾಚೆ ಜನ. ಸಂಕಲ್ಪಕ್ಕೆ ಹೆಸರು, ಗೋತ್ರ, ನಕ್ಷತ್ರ ಹೇಳಲು ಭಕ್ತರು ಬಾಗುತ್ತಾರೆ. ಜಾಗಟೆಯ ಸದ್ದಿನಲ್ಲೂ ನನಗೆ ಕೇಳಿಸಲಿ ಎಂದು ಮುಖವನ್ನು ನನ್ನ ಮುಖದ ಹತ್ತಿರಕ್ಕೇ ತರುತ್ತಾರೆ. ಆ ಒಂದು ಗಳಿಗೆಯಲ್ಲಿ ನಕ್ಷತ್ರದ ಜೊತೆಗೆ ರಾತ್ರಿ ಉಂಡ ಸಾರು, ಬೀಡಿ, ಕವಳ, ಹುಳುಕು ಹಲ್ಲು, ನಿದ್ದೆಗೆಟ್ಟದ್ದು ಎಲ್ಲ ತಿಳಿದುಹೋಗುತ್ತದೆ. ಹೊನ್ನಾವರ ತಾಲೂಕಿನಲ್ಲಿ ಶರಾವತಿಯ ದಂಡೆಗಿರುವ ಈ ಸಣ್ಣ ಈಶ್ವರನ ಗುಡಿಯ ಪೂಜೆ ಅಪ್ಪನ ಕಾಲದಿಂದಲೂ ನಮ್ಮ ಮನೆಯದು. ಎಷ್ಟೋ ಮನೆಗಳ ಜಾತಕ ನನಗೆ ಗೊತ್ತಿಲ್ಲ, ಆದರೆ ಅವರ ಬಾಯಿವಾಸನೆ ಗೊತ್ತು. ಇದು ಹೆಮ್ಮೆಪಡುವ ವಿದ್ಯೆಯೇನೂ ಅಲ್ಲ.

ಹೀಗಿರುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ. ದೇವರ ಮುಂದೆ ಬರುವವನು ಬಾಯಿ ತೊಳೆದು ಬರಬೇಕು ಎಂದು ಹಲವು ಮತದವರು ಹೇಳುತ್ತಾರೆ. ಯಾರಿಗಾಗಿ? ದೇವರಿಗೋ, ತೊಳೆದುಕೊಂಡವನಿಗೋ, ಪಕ್ಕದಲ್ಲಿ ನಿಂತವನಿಗೋ?

ಉತ್ತರ ಸುಲಭ ಅನ್ನಿಸುವುದು ಶಾಸ್ತ್ರದ ಪುಸ್ತಕ ತೆರೆಯದವರಿಗೆ. ಹಲ್ಲುಜ್ಜುವ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಮಾತಿಗೆ ಬಡತನ ಮಾಡಿದವರಲ್ಲ. ಯಾವ ಮರದ ಕಡ್ಡಿ, ಎಷ್ಟು ಅಂಗುಲ, ಯಾವ ದಿಕ್ಕಿಗೆ ಕೂರಬೇಕು ಎಲ್ಲವನ್ನೂ ಬರೆದಿದ್ದಾರೆ. ಕಡ್ಡಿಯನ್ನು ಕೈಗೆ ತೆಗೆದುಕೊಂಡು ಮರವನ್ನೇ ಪ್ರಾರ್ಥಿಸುವ ಮಂತ್ರವೂ ಇದೆ. ಆಯುಸ್ಸು, ಬಲ, ಕೀರ್ತಿ, ತೇಜಸ್ಸು, ಸಂತಾನ, ದನಕರು, ಸಂಪತ್ತು, ಬುದ್ಧಿ, ಮೇಧೆ ಇಷ್ಟನ್ನೂ ಒಂದು ಗೇಣಿಲ್ಲದ ಕಡ್ಡಿಯ ಮುಂದೆ ಬೇಡುತ್ತೇವೆ. ಬಾಯಿ ನಾರದಿರಲಿ ಎಂದು ಮಾತ್ರ ಬೇಡುವುದಿಲ್ಲ. ಇನ್ನೂ ಮಜಾ ಎಂದರೆ ಕಡ್ಡಿಗೆ ರಜೆಯೂ ಇದೆ. ಪಾಡ್ಯ, ಷಷ್ಠಿ, ನವಮಿ, ಅಮಾವಾಸ್ಯೆ, ಉಪವಾಸದ ದಿನ, ಶ್ರಾದ್ಧದ ದಿನ ಹಲ್ಲಿಗೆ ಕಡ್ಡಿ ತಾಗಬಾರದು. ತಾಗಿದರೆ ಏಳು ತಲೆಮಾರು ಸುಟ್ಟುಹೋಗುತ್ತದೆ ಎಂಬ ಹೆದರಿಕೆ ಬೇರೆ. ಆ ದಿನ ಹನ್ನೆರಡು ಬಾರಿ ನೀರು ಮುಕ್ಕಳಿಸಿದರೆ ಮುಖಶುದ್ಧಿ ಆಯಿತು. ಮೂಗಿಗೆ ತಿಥಿ ಗೊತ್ತಿಲ್ಲ. ನಾರುವ ಬಾಯಿ ಷಷ್ಠಿಗೂ ನಾರುತ್ತದೆ, ಸಪ್ತಮಿಗೂ ನಾರುತ್ತದೆ.

ಏಲಕ್ಕಿಯ ವಿಷಯವನ್ನೇ ನೋಡಿ. ನಮ್ಮ ತೋಟದ ಒಂದು ಏಲಕ್ಕಿಯನ್ನು ಬಾಯಿಗೆ ಹಾಕಿಕೊಂಡರೆ ಎಂಥ ಪರಿಮಳ! ಆದರೆ ಏಲಕ್ಕಿ ಜಗಿಯುತ್ತ ನಾನು ರುದ್ರ ಹೇಳುವಂತಿಲ್ಲ. ಬಾಯಿ ಎಂಜಲಾಯಿತು. ಅದೇ, ಮೂರು ದಿನದಿಂದ ಹಲ್ಲುಜ್ಜದವನೊಬ್ಬ ಕುಳಿತು, ಉದ್ದಿನ ಕಾಳು ಮುಳುಗುವಷ್ಟು ನೀರನ್ನು ಅಂಗೈಯಲ್ಲಿ ಹಿಡಿದು, ಕೇಶವಾಯ ನಾರಾಯಣಾಯ ಮಾಧವಾಯ ಎಂದು ಮೂರು ಸಲ ಆಚಮನ ಮಾಡಿದರೆ ಶುದ್ಧನಾದ. ಘಮಘಮಿಸುವ ಬಾಯಿ ಅಶುದ್ಧ, ಗಬ್ಬು ನಾರುವ ಬಾಯಿ ಶುದ್ಧ! ಹಾಗಾದರೆ ಶಾಸ್ತ್ರದ ಶುದ್ಧಿ ಬೇರೆ, ಮೂಗಿನ ಶುದ್ಧಿ ಬೇರೆ. ಮೂಸಿ ನೋಡಿದ ಹೂವನ್ನು ದೇವರಿಗೆ ಏರಿಸುವುದಿಲ್ಲ; ಮೂಸಿದ ಮಾತ್ರಕ್ಕೆ ಹೂವಿನ ಪರಿಮಳವೇನೂ ಕಡಿಮೆಯಾಗಿರುವುದಿಲ್ಲ. ಬಾಯಿಂದ ಬೆಂಕಿ ಊದಬಾರದು ಎಂದು ಮನು ಹೇಳಿದ. ಊದುವ ಬಾಯಿ ಕಂಪೋ ಕೊಳಕೋ ಎಂದು ಅವನು ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಇವತ್ತಿಗೂ ದೇವರ ದೀಪವನ್ನು ಉಫ್ ಎಂದು ಆರಿಸುವುದಿಲ್ಲ, ಹೂವಿನಿಂದ ಬತ್ತಿಯನ್ನು ಒತ್ತಿ ಶಾಂತ ಮಾಡುತ್ತೇವೆ. ಪಾರ್ಸಿಗಳ ಪುರೋಹಿತರೂ ಅಗ್ನಿಯ ಮುಂದೆ ಮೂಗು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಆದರೆ ನಮ್ಮಲ್ಲಿ ಇದಕ್ಕೂ ಒಂದು ಪ್ರತಿವಾದ ಉಂಟು. ಅಗ್ನಿ ಹುಟ್ಟಿದ್ದೇ ವಿರಾಟ್ ಪುರುಷನ ಬಾಯಿಂದ. ಆದ್ದರಿಂದ ಯಜ್ಞದ ಬೆಂಕಿಯನ್ನು ಬಾಯಿಂದ ಊದಬಹುದು, ಊದಬಾರದ್ದು ಅಡುಗೆ ಒಲೆಯನ್ನು ಮಾತ್ರ ಎಂದು ವಾದಿಸಿದ ಪಂಡಿತರಿದ್ದಾರೆ. ಹೊಗೆ ಕುಡಿಯುತ್ತ ಹೋಮಕುಂಡದ ಮುಂದೆ ಕೂತವರು ಯಾರೋ ಈ ದಾರಿ ಹುಡುಕಿರಬೇಕು ಎಂಬುದು ನನ್ನ ಗುಮಾನಿ.

ಈ ಎಂಜಲಿನ ಲೆಕ್ಕ ಕೇವಲ ಹೂವು ದೀಪಗಳ ಮಟ್ಟಕ್ಕೆ ನಿಂತಿದ್ದರೆ ನನಗೆ ತಕರಾರಿರಲಿಲ್ಲ. ನಿಲ್ಲಲಿಲ್ಲ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು, ಅವರ ಉಗುಳು ನೆಲಕ್ಕೆ ಬೀಳಬಾರದು ಎಂದು. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಇದನ್ನು ಬರೆದಿದ್ದಾರೆ. ಅದೇ ನಮ್ಮ ಕರಾವಳಿಯ ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಯ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆ ಎಂದು ನಂಬಿ ಜನ ಮಡೆಸ್ನಾನ ಮಾಡಿದರು. ಒಬ್ಬನ ಎಂಜಲು ವಿಷ, ಇನ್ನೊಬ್ಬನ ಎಂಜಲು ಔಷಧ. ಎರಡು ಬಾಯಿಗಳಲ್ಲೂ ಇರುವ ಜೊಲ್ಲು ಒಂದೇ, ಕ್ರಿಮಿಯೂ ಒಂದೇ. ಶುದ್ಧಿಯ ಮಾತನ್ನು ಮೂಗಿನಿಂದ ಬಿಡಿಸಿ ಹುಟ್ಟಿಗೆ ಕಟ್ಟಿದಾಗ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಅರ್ಚಕನ ಬಾಯಲ್ಲಿ ಈ ಮಾತು ಕೆಲವರಿಗೆ ರುಚಿಸುವುದಿಲ್ಲ ಎಂದು ನನಗೆ ಗೊತ್ತು.

ದೇವರಿಗಾಗಿ ಎಂಬ ಉತ್ತರವನ್ನು ಬುಡಮೇಲು ಮಾಡಿದವನು ಕಾಳಹಸ್ತಿಯ ಬೇಡ. ಹರಿಹರ ಕವಿ ರಗಳೆ ಬರೆದ, 1954ರಲ್ಲಿ ರಾಜಕುಮಾರ್ ಮೊದಲ ಬಾರಿಗೆ ನಾಯಕನಾಗಿ ನಟಿಸಿದ ಆ ಕಣ್ಣಪ್ಪನ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಕೈಗಳಲ್ಲಿ ಬಿಲ್ಲು, ಮಾಂಸ. ಅಭಿಷೇಕದ ನೀರಿಗೆ ಪಾತ್ರೆಯಿಲ್ಲ. ಬಾಯಿತುಂಬ ನೀರು ತುಂಬಿಕೊಂಡು ಬಂದು ಲಿಂಗದ ಮೇಲೆ ಉಗುಳಿದ. ಮಾಂಸವನ್ನು ಜಗಿದು, ರುಚಿ ನೋಡಿ, ಒಳ್ಳೆಯ ತುಂಡನ್ನು ಶಿವನಿಗಿಟ್ಟ. ಶಾಸ್ತ್ರ ಯಾವುದನ್ನು ಎಲ್ಲಕ್ಕಿಂತ ಅಶುದ್ಧ ಎಂದಿತೋ ಆ ಬಾಯೇ ಕಲಶವಾಯಿತು. ಕಥೆ ಕೇಳುವವರೆಲ್ಲ ಕಣ್ಣಪ್ಪನ ಕಡೆ. ನನಗೆ ಮಾತ್ರ ಪ್ರತಿದಿನ ಬೆಳಿಗ್ಗೆ ಬಂದು ಎಲುಬು ಗುಡಿಸಿ, ಲಿಂಗ ತೊಳೆದು, ಮತ್ತೆ ಪೂಜೆ ಮಾಡಿದ ಆ ಬಡ ಅರ್ಚಕನ ಮೇಲೂ ಕನಿಕರ. ಅವನ ಪೂಜೆಯೇನು ಸುಳ್ಳಾಗಿತ್ತೇ? ಅದೇನೇ ಇರಲಿ, ಶಿವನ ಮೂಗು ಬೇಡನ ಬಾಯಿಗೆ ಮುರಿಯಲಿಲ್ಲ.

ಉಪನಿಷತ್ತು ಇನ್ನೂ ಮುಂದೆ ಹೋಗುತ್ತದೆ. ಛಾಂದೋಗ್ಯದ ಮೊದಲ ಅಧ್ಯಾಯದಲ್ಲಿ ದೇವಾಸುರರ ಜಗಳದ ಒಂದು ಕಥೆಯಿದೆ. ದೇವತೆಗಳು ಮೊದಲು ಮೂಗಿನ ಉಸಿರನ್ನು ಹಿಡಿದು ಉದ್ಗೀಥವೆಂಬ ಸಾಮಗಾನವನ್ನು ಉಪಾಸಿಸಿದರು. ಅಸುರರು ಬಂದು ಅದನ್ನು ಪಾಪದಿಂದ ಚುಚ್ಚಿದರು. ಅದಕ್ಕೇ ಮೂಗಿಗೆ ಸುವಾಸನೆಯೂ ತಿಳಿಯುತ್ತದೆ, ದುರ್ವಾಸನೆಯೂ ತಿಳಿಯುತ್ತದೆ. ಮಾತನ್ನು ಚುಚ್ಚಿದರು, ಸತ್ಯ ಸುಳ್ಳು ಎರಡೂ ಬಂದವು. ಕಣ್ಣು, ಕಿವಿ, ಮನಸ್ಸುಗಳಿಗೂ ಇದೇ ಗತಿ. ಕೊನೆಗೆ ಬಾಯೊಳಗಿನ ಮುಖ್ಯಪ್ರಾಣಕ್ಕೆ ಬಂದರು. ಅಲ್ಲಿ ಮಾತ್ರ ಅಸುರರೇ ಬಂಡೆಗೆ ಬಡಿದ ಮಣ್ಣಿನ ಹೆಂಟೆಯ ಹಾಗೆ ಪುಡಿಯಾದರು. ಈ ಪ್ರಾಣಕ್ಕೆ ಪಾಪ ತಟ್ಟಿಲ್ಲ, ಆದ್ದರಿಂದ ಇದಕ್ಕೆ ಪರಿಮಳವೂ ಗೊತ್ತಿಲ್ಲ, ನಾತವೂ ಗೊತ್ತಿಲ್ಲ ಎನ್ನುತ್ತದೆ ಉಪನಿಷತ್ತು.

ಅಪ್ಪ ಇದನ್ನು ಪಾಠ ಹೇಳಿದಾಗ ನಾನು ಹುಡುಗ. “ಹಾಗಾದರೆ ಬಾಯಿ ನಾರಿದರೆ ತಪ್ಪು ಮೂಗಿನದು ಎಂದಾಯಿತು” ಎಂದೆ. ಅಪ್ಪ ನಕ್ಕು, ಮುಂದಿನ ಸಾಲು ಓದು ಎಂದರು. ಮುಖ್ಯಪ್ರಾಣ ಉಂಡದ್ದು ಕುಡಿದದ್ದೆಲ್ಲ ಉಳಿದ ಇಂದ್ರಿಯಗಳನ್ನು ಸಾಕುವುದಕ್ಕೆ ಎಂದು ಅಲ್ಲಿದೆ. ಇದೇ ಕಥೆ ಬೃಹದಾರಣ್ಯಕದಲ್ಲೂ ಬರುತ್ತದೆ. ಅಲ್ಲಿ ಮಾತು, ಮೂಗು, ಕಣ್ಣುಗಳೆಲ್ಲ ದೇವತೆಗಳಿಗಾಗಿ ಹಾಡುತ್ತ ಒಳ್ಳೆಯದನ್ನು ತಮಗೆ ಇಟ್ಟುಕೊಂಡವು. ಅಸುರರ ಬಾಣಕ್ಕೆ ದಾರಿಯಾದದ್ದು ಆ ಸ್ವಾರ್ಥವೇ. ಬಾಯ ಉಸಿರು ಮಾತ್ರ ತಾನು ಹಾಡಿ ಪಡೆದ ಅನ್ನವನ್ನೂ ಉಳಿದವುಗಳ ಜೊತೆ ಹಂಚಿಕೊಂಡಿತು. ಇಲ್ಲಿಂದ ನನಗೆ ಒಂದು ಜಾಡು ಸಿಕ್ಕಿತು. ಉಸಿರಿನ ಶುದ್ಧಿ ಅದರ ವಾಸನೆಯಲ್ಲಿಲ್ಲ, ಅದು ಯಾರಿಗಾಗಿ ಎಂಬುದರಲ್ಲಿದೆ.

ಈ ಜಾಡು ನನ್ನನ್ನು ಭಟ್ಕಳದ ಬಟ್ಟೆ ಅಂಗಡಿಯವರೆಗೆ ಕರೆದುಕೊಂಡು ಹೋಯಿತು ಎಂದರೆ ನಗಬೇಡಿ. ಗುಡಿಯ ಪರದೆಗೆ ಕೆಂಪು ಬಟ್ಟೆ ತರುವುದು ಅಲ್ಲಿಂದಲೇ. ಅಂಗಡಿಯ ಸಾಹೇಬರು ನವಾಯತರು, ಶಾಫಿ ಪಂಥದವರು. ಜಗುಲಿಯಲ್ಲಿ ಮಷಿನ್ ಇಟ್ಟುಕೊಂಡ ದರ್ಜಿ ಘಟ್ಟದ ಮೇಲಿನವನು, ಹನಫಿ. ರಂಜಾನಿನ ಒಂದು ಮಧ್ಯಾಹ್ನ ಹೋದಾಗ ದರ್ಜಿ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪೀಲು ಮರದ ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಸಾಹೇಬರು ಉಜ್ಜಿರಲಿಲ್ಲ. ಕೇಳಿದೆ. “ಅವನ ಇಮಾಮರು ಬೇರೆ, ನಮ್ಮ ಇಮಾಮರು ಬೇರೆ ಭಟ್ರೇ” ಎಂದು ಶುರುಮಾಡಿದರು. ಉಪವಾಸಿಯ ಬಾಯಿಯ ವಾಸನೆ ಅಲ್ಲಾಹನಿಗೆ ಕಸ್ತೂರಿಗಿಂತ ಹೆಚ್ಚು ಪ್ರಿಯ ಎಂದು ಪ್ರವಾದಿಗಳ ಮಾತಿದೆ. ಅಷ್ಟು ಪ್ರಿಯವಾದದ್ದನ್ನು ಉಜ್ಜಿ ಕಳೆಯುವುದೇಕೆ? ಆದ್ದರಿಂದ ಉಪವಾಸದ ದಿನ ಸೂರ್ಯ ನೆತ್ತಿಯಿಂದ ಇಳಿದ ಮೇಲೆ ಮಿಸ್ವಾಕ್ ಬೇಡ ಎಂದು ಶಾಫಿಗಳು. ಹುತಾತ್ಮನ ಮೈಮೇಲಿನ ರಕ್ತವನ್ನು ತೊಳೆಯದೆ ಮಣ್ಣು ಮಾಡುತ್ತಾರಲ್ಲ, ಹಾಗೆ ಎನ್ನುತ್ತಾರೆ ಅವರ ಪಂಡಿತರು. ಅಡ್ಡಿಯಿಲ್ಲ ಎಂದು ಹನಫಿಗಳು. ಪ್ರತಿ ನಮಾಜಿಗೂ ಮಿಸ್ವಾಕ್ ಮಾಡಿರೆಂದು ಆಜ್ಞೆ ಮಾಡುತ್ತಿದ್ದೆ, ಜನರಿಗೆ ಹೊರೆಯಾದೀತು ಎಂದು ಬಿಟ್ಟೆ ಎಂದವರೂ ಅದೇ ಪ್ರವಾದಿಗಳು.

ನನಗೆ ಏಕಾದಶಿ ನೆನಪಾಯಿತು. ಉಪವಾಸದ ದಿನ ನಮಗೂ ಕಡ್ಡಿ ಇಲ್ಲ! ಕಾರಣ ಬೇರೆ, ಫಲ ಒಂದೇ. ಹೊಟ್ಟೆಗೆ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ಅದರಿಂದ ಹುಟ್ಟುವ ಅಸಿಟೋನು ಉಸಿರಿನಲ್ಲಿ ಹೊರಬರುತ್ತದೆ. ಬಾಯಿ ಒಣಗಿ ಜೊಲ್ಲು ಕಡಿಮೆಯಾಗಿ ವಾಸನೆ ಇಮ್ಮಡಿಸುತ್ತದೆ. ಶಿವರಾತ್ರಿಯ ಜಾಗರಣೆಯ ಬೆಳಗಿನ ಜಾವ ನಮ್ಮ ಗುಡಿಯ ಪೌಳಿಯಲ್ಲಿ ಕಸ್ತೂರಿಯ ಪರಿಮಳವಂತೂ ಇರುವುದಿಲ್ಲ. ಅದು ದೇವರಿಗೆ ಪ್ರಿಯವಾಗುವುದಾದರೆ, ವಾಸನೆಯ ಹಿಂದಿರುವ ಹಸಿವನ್ನು ಅವನು ಮೂಸುತ್ತಾನೆ ಎಂದೇ ಅರ್ಥ.

ಆದರೆ ಸಾಹೇಬರು ಆಮೇಲೆ ಮಾಡಿದ್ದೇ ನನಗೆ ದೊಡ್ಡದಾಗಿ ಕಂಡದ್ದು. ಇಷ್ಟೆಲ್ಲ ಹೇಳಿ, ತಮ್ಮ ಕುರ್ಚಿಯನ್ನು ನನ್ನಿಂದ ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು. ಅಲ್ಲಾಹನಿಗೆ ಕಸ್ತೂರಿ ಸರಿ, ಭಟ್ಟರಿಗಲ್ಲವಲ್ಲ. ಹಸಿ ಬೆಳ್ಳುಳ್ಳಿಯನ್ನೋ ಈರುಳ್ಳಿಯನ್ನೋ ತಿಂದವನು ಮಸೀದಿಗೆ ಬರಬಾರದು, ಮನುಷ್ಯರಿಗೆ ಯಾವುದರಿಂದ ಕಿರಿಕಿರಿಯೋ ದೇವದೂತರಿಗೂ ಅದರಿಂದ ಕಿರಿಕಿರಿ ಎಂದೂ ಹದೀಸು ಇದೆ ಎಂದು ಹೇಳಿದರು. ನೋಡಿ, ದೇವದೂತರ ಮೂಗಿಗೂ ಅಳತೆಗೋಲು ಪಕ್ಕದ ಮನುಷ್ಯನ ಮೂಗೇ.

ಬುದ್ಧನ ಸಂಘದಲ್ಲೂ ಬೆಳ್ಳುಳ್ಳಿಯ ಪ್ರಸಂಗ ನಡೆದಿದೆ. ವಿನಯಪಿಟಕದ ಚುಲ್ಲವಗ್ಗದಲ್ಲಿ ಬರುತ್ತದೆ. ಬುದ್ಧ ದೊಡ್ಡ ಸಭೆಗೆ ಧರ್ಮ ಹೇಳುತ್ತಿದ್ದಾನೆ. ಬೆಳ್ಳುಳ್ಳಿ ತಿಂದಿದ್ದ ಒಬ್ಬ ಭಿಕ್ಷು, ಉಳಿದವರಿಗೆ ತೊಂದರೆಯಾಗದಿರಲಿ ಎಂದು ಒಂದು ಪಕ್ಕಕ್ಕೆ ಹೋಗಿ ಕೂತ. ಬುದ್ಧ ಅದನ್ನು ಗಮನಿಸಿ, ಅವನೇಕೆ ದೂರ ಕೂತಿದ್ದಾನೆ ಎಂದು ವಿಚಾರಿಸಿದ. ವಿಷಯ ತಿಳಿದ ಮೇಲೆ, ಇಂಥ ಧರ್ಮೋಪದೇಶದಿಂದ ತನ್ನನ್ನು ಹೊರಗಿಡುವಂಥದ್ದನ್ನು ತಿನ್ನಬೇಕೇ ಎಂದು ಕೇಳಿ ಬೆಳ್ಳುಳ್ಳಿಯನ್ನು ನಿಷೇಧಿಸಿದ. ಈ ಕಥೆಯನ್ನು ಓದಿದಾಗೆಲ್ಲ ಆ ಮೂಲೆಯಲ್ಲಿ ಕೂತವನ ಮೇಲೇ ನನ್ನ ಗಮನ. ಬುದ್ಧನ ಗಮನವೂ ಅಲ್ಲೇ ಹೋಯಿತಲ್ಲವೇ? ನಾರುವವನನ್ನು ಹೊರಗಿಡುವುದಕ್ಕೆ ಹುಟ್ಟಿದ ನಿಯಮವಲ್ಲ ಇದು, ಹೊರಗೆ ಹೋಗಿ ಕೂತವನನ್ನು ಒಳಗೆ ಕರೆಯುವುದಕ್ಕೆ ಹುಟ್ಟಿದ್ದು. ಮುಂದೆ ಶಿಷ್ಯ ಸಾರಿಪುತ್ರನಿಗೆ ಹೊಟ್ಟೆಯಲ್ಲಿ ವಾಯು ತುಂಬಿ ನೋವು ಬಂದಾಗ ಔಷಧವಾಗಿ ಬೆಳ್ಳುಳ್ಳಿಗೆ ಅಪ್ಪಣೆಯೂ ಸಿಕ್ಕಿತು. ಹಲ್ಲುಕಡ್ಡಿಗೆ ಅಪ್ಪಣೆ ಕೊಟ್ಟದ್ದೂ ಅದೇ ಗ್ರಂಥದಲ್ಲಿದೆ: ಉಜ್ಜದಿದ್ದರೆ ಕಣ್ಣಿಗೆ ಒಳ್ಳೆಯದಲ್ಲ, ಬಾಯಿ ನಾರುತ್ತದೆ, ರುಚಿ ತಿಳಿಯುವುದಿಲ್ಲ ಎಂದೆಲ್ಲ ಕಾರಣ ಕೊಟ್ಟು, ಉದ್ದ ಎಂಟು ಅಂಗುಲ ಮೀರಬಾರದು, ನಾಲ್ಕಕ್ಕಿಂತ ಕಡಿಮೆ ಇರಬಾರದು ಎಂದು ಬುದ್ಧ ಗೆರೆ ಎಳೆದ.

ಬಾಯಿ ತೊಳೆಯುವುದು ಪಕ್ಕದವನಿಗಾಗಿ ಎಂಬ ನನ್ನ ವಾದಕ್ಕೆ ಒಗ್ಗದ ಒಂದು ಉದಾಹರಣೆ ನಮ್ಮ ಹೊಳೆಯ ಮೇಲ್ದಂಡೆಯಲ್ಲೇ ಇದೆ. ಗೇರುಸೊಪ್ಪೆಯ ಚತುರ್ಮುಖ ಬಸದಿ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಹಿಂದೊಮ್ಮೆ ಅಲ್ಲಿ ತುಂಬಿದ್ದ ಜೈನರು ಈಗಿಲ್ಲ. ಆದರೆ ಆಗೊಮ್ಮೆ ಈಗೊಮ್ಮೆ ದಿಗಂಬರ ಮುನಿಗಳು ವಿಹಾರ ಹೊರಟು ಹೆದ್ದಾರಿಯಲ್ಲಿ ಮೂಡುಬಿದಿರೆ, ಕಾರ್ಕಳದ ಕಡೆಗೆ ನಡೆಯುವುದನ್ನು ಕಂಡಿದ್ದೇನೆ. ಅವರ ಇಪ್ಪತ್ತೆಂಟು ಮೂಲಗುಣಗಳಲ್ಲಿ ಹಲ್ಲುಜ್ಜದಿರುವುದೂ ಒಂದು, ಸ್ನಾನ ಮಾಡದಿರುವುದೂ ಒಂದು. ದಿನಕ್ಕೊಂದು ಬಾರಿ ನಿಂತುಕೊಂಡು ಬೊಗಸೆಯಲ್ಲಿ ಆಹಾರ. ಈ ದೇಹ ಅಲಂಕರಿಸುವ ವಸ್ತುವಲ್ಲ, ಇದರ ವಾಸನೆಯ ಮೇಲಿನ ಪ್ರೀತಿಯೂ ಹೇಸಿಗೆಯೂ ಒಂದೇ ಗಂಟಿನ ಎರಡು ಎಳೆ ಎಂಬುದು ಅವರ ನಿಲುವು. ಪಕ್ಕದವನ ಮೂಗಿನ ಮಾತನ್ನು ಅವರ ಮುಂದೆ ಎತ್ತಲು ನನಗೆ ಬಾಯಿ ಬಂದೀತೇ? ಅವರು ಪಕ್ಕದವನ ಊಟದ ಪಂಕ್ತಿಯಲ್ಲಿ ಕೂರುವುದಿಲ್ಲ, ಹಾಸಿಗೆ ಹಂಚಿಕೊಳ್ಳುವುದಿಲ್ಲ, ಊರಲ್ಲಿ ಬಹಳ ದಿನ ನಿಲ್ಲುವುದೂ ಇಲ್ಲ. ಊರನ್ನೇ ಬಿಟ್ಟವರಿಗೆ ಊರಿನ ಋಣ ಲೆಕ್ಕಕ್ಕೆ ಬರಲಾರದು. ಆದರೂ ಇದು ನಾನು ಜೋಡಿಸಿಕೊಂಡ ಸಮಾಧಾನ, ಅವರ ಉತ್ತರವಲ್ಲ.

ಊರೊಳಗೇ ಇರುವ ನಮ್ಮಂಥವರು ಆ ಋಣ ತೀರಿಸಬೇಕು. ದೊಡ್ಡ ಖರ್ಚಿನ ಬಾಬ್ತೇನಲ್ಲ. ನನಗೆ ಇವತ್ತಿಗೂ ಮಾವಿನೆಲೆಯೇ. ತೀರ ಎಳತಲ್ಲದ, ಹಣ್ಣೂ ಆಗದ ಎಲೆಯನ್ನು ಆರಿಸಿ, ತೊಳೆದು, ನಡುವಿಗೆ ಮಡಚಿ, ನರವನ್ನು ಬೆನ್ನಿನಿಂದ ಸೀಳಿ ತೆಗೆಯಬೇಕು. ಆ ನರ ಒಗೆಯುವುದಕ್ಕಲ್ಲ, ಕಿವಿಗೆ ಸಿಕ್ಕಿಸಿಕೊಳ್ಳಿ. ಎಲೆಯ ಎರಡು ಹೋಳನ್ನು ಸುರುಳಿ ಸುತ್ತಿ, ತುದಿಯನ್ನು ಹಲ್ಲಲ್ಲಿ ಸ್ವಲ್ಪ ಕಚ್ಚಿ ನಾರು ಬಿಡಿಸಿ, ಒಸಡಿನಿಂದ ಹಲ್ಲಿನ ಕಡೆಗೆ ಉಜ್ಜಬೇಕು. ಮೊದಲು ಒಗರು, ಆಮೇಲೆ ಹುಳಿ, ಬಾಯಿ ತುಂಬ ನೀರೂರುತ್ತದೆ. ಆಗ ಕಿವಿಯ ಮೇಲಿನ ನರವನ್ನು ತೆಗೆದು ಬಿಲ್ಲಿನ ಹಾಗೆ ಬಗ್ಗಿಸಿ, ನಾಲಗೆಯ ಬುಡದಿಂದ ಮುಂದಕ್ಕೆ ಎಳೆಯಿರಿ. ಓಕರಿಕೆ ಬರುವಷ್ಟು ಹಿಂದೆ ಹೋಗಬೇಕು. ಕೊಳೆ ಇರುವುದು ಅಲ್ಲೇ. ಹಳದಿ ಲೋಳೆ ಬರುತ್ತದೆ. ಎರಡನೇ ಎಳೆತಕ್ಕೆ ಕಡಿಮೆ, ಮೂರನೆಯದಕ್ಕೆ ಬರೀ ಜೊಲ್ಲು. ಚರಕ ಇದಕ್ಕೆ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಯ ಬಾಗಿದ ಪಟ್ಟಿಯನ್ನು ಹೇಳಿದ್ದಾನೆ. ಅಷ್ಟು ಬಂಗಾರ ನಮ್ಮಲ್ಲಿಲ್ಲ, ಮಾವಿನ ಮರ ಇದೆ.

ಕುಮಟೆಯ ಹಲ್ಲಿನ ಡಾಕ್ಟರೊಬ್ಬರು ನನಗೆ ವಿವರಿಸಿದ್ದು: ಬಾಯಿವಾಸನೆಯ ಹೆಚ್ಚಿನ ಪಾಲು ಹುಟ್ಟುವುದು ಬಾಯಲ್ಲೇ, ಹೊಟ್ಟೆಯಲ್ಲಲ್ಲ. ನಾಲಗೆಯ ಹಿಂಭಾಗದಲ್ಲೂ ಒಸಡಿನ ಸಂದಿಯಲ್ಲೂ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅನ್ನದ ಚೂರು, ಸತ್ತ ಚರ್ಮವನ್ನು ತಿಂದು ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೂ ಕಾರಣ ಅದೇ ಹೈಡ್ರೋಜನ್ ಸಲ್ಫೈಡ್. ಜೊಲ್ಲು ಹರಿಯುತ್ತಿದ್ದರೆ ಅವುಗಳ ಆಟ ನಡೆಯುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಬಾಯಿ ಬಿಟ್ಟು ಮಲಗಿದರೆ ಇನ್ನೂ ಕಡಿಮೆ. ಬೆಳಗಿನ ವಾಸನೆಗೆ ಅದೇ ಕಾರಣ. ಹೀಗಾಗಿ ಜೊಲ್ಲು ಬರಿಸುವುದೆಲ್ಲ ಮದ್ದೇ. ನಮ್ಮ ಕಡೆ ಒಣ ಮುರುಗಲು ಸಿಪ್ಪೆಯ ಚೂರೊಂದನ್ನು ದವಡೆಯಲ್ಲಿಟ್ಟುಕೊಳ್ಳುತ್ತಾರೆ. ಲವಂಗ, ಏಲಕ್ಕಿ, ಸೋಂಪು, ಪೇರಲೆ ಚಿಗುರು ಜಗಿಯುತ್ತಾರೆ. ಉಗುರುಬೆಚ್ಚಗಿನ ಉಪ್ಪುನೀರು ಒಸಡಿಗೆ ಹಿತ. ಎಳ್ಳೆಣ್ಣೆಯನ್ನು ಬಾಯಲ್ಲಿ ಹಿಡಿದು ಉಗುಳುವ ಗಂಡೂಷ ನಮ್ಮ ಅಜ್ಜಿಯ ದಿನಚರಿಯಲ್ಲಿತ್ತು. ಊಟದ ಜೊತೆ ಹಾಲು ಕುಡಿದರೆ ಬೆಳ್ಳುಳ್ಳಿಯ ವಾಸನೆ ತಗ್ಗುತ್ತದೆ. ಅದರ ಒಂದು ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಬರುವುದರಿಂದ, ಎಷ್ಟು ಹಲ್ಲುಜ್ಜಿದರೂ ಅದು ಹೋಗುವುದಿಲ್ಲ. ಬುದ್ಧನ ಆ ಭಿಕ್ಷು ಮೂಲೆಗೆ ಹೋದದ್ದು ಸುಮ್ಮನೆ ಅಲ್ಲ. ಸುಟ್ಟ ಉಮಿಯ ಕರಿಯಲ್ಲಿ ಉಜ್ಜುವುದನ್ನು ನಾನು ಬಿಟ್ಟಿದ್ದೇನೆ, ಹಲ್ಲಿನ ಹೊರಪದರ ಸವೆಯುತ್ತದಂತೆ. ಎಲೆಯಡಿಕೆಯ ಕವಳದ ಮಾತೆತ್ತಿದರೆ ಅಡಿಕೆ ತೋಟದವರಿಗೆ ಸಿಟ್ಟು. ಚರಕನೂ ಮುಖದ ಪರಿಮಳಕ್ಕೆ ವೀಳ್ಯದೆಲೆ, ಅಡಿಕೆ, ಕರ್ಪೂರ ಹೇಳಿದ್ದಾನೆ, ನಿಜ. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಮಾರಿಯೇ ನನ್ನ ಮಗ ಓದಿದ್ದು. ಈ ಸಂಕಟವನ್ನು ಇಲ್ಲಿ ಬಿಡಿಸಲಾರೆ.

ಇಷ್ಟೆಲ್ಲ ಮದ್ದಿದ್ದರೂ ಒಂದು ಕೊರತೆ ಉಳಿಯುತ್ತದೆ. ಮದ್ದು ಬೇಕಾದವನಿಗೇ ತನಗೆ ಮದ್ದು ಬೇಕು ಎಂದು ತಿಳಿಯುವುದಿಲ್ಲ. ಸದಾ ಇರುವ ವಾಸನೆಯನ್ನು ಮೂಗು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಮುಂಗೈಯನ್ನು ನೆಕ್ಕಿ, ಒಣಗಿದ ಮೇಲೆ ಮೂಸಿ ನೋಡುವ ಉಪಾಯವಿದೆ, ಪೂರ್ತಿ ನಂಬುವಂತಿಲ್ಲ. ನಿನ್ನನ್ನು ನೀನು ಅರಿ ಎಂದು ವೇದಾಂತ ಎಷ್ಟು ಹೇಳಿದರೂ ಈ ಒಂದು ವಿಷಯದಲ್ಲಿ ಅರಿವು ಬರುವುದು ಎದುರಿನವರಿಂದ. ನನಗೆ ಹೇಳುವವಳು ಮನೆಯಾಕೆ. ಹೆಚ್ಚು ಮಾತಿಲ್ಲ, ತಂಬಿಗೆ ನೀರನ್ನು ಮುಂದೆ ಇಡುತ್ತಾಳೆ. ಹಾಗೆ ಇಡುವವರು ಇಲ್ಲದವರ ಗತಿ ಏನು? ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂದು ಮನು ನಮ್ಮ ಬಾಯಿ ಕಟ್ಟಿದ್ದಾನೆ. ಹನ್ನೊಂದನೆಯ ಅಧ್ಯಾಯದಲ್ಲಿ ಇನ್ನೊಂದು ಬೀಗವನ್ನೂ ಜಡಿದಿದ್ದಾನೆ: ಚಾಡಿ ಹೇಳುವವನು ಮುಂದಿನ ಜನ್ಮದಲ್ಲಿ ಬಾಯಿ ನಾರುವವನಾಗಿ ಹುಟ್ಟುತ್ತಾನಂತೆ. ಧಮ್ಮಪದದ ಅಟ್ಠಕಥೆಯಲ್ಲಿ ಕಪಿಲನೆಂಬ ಭಿಕ್ಷು ಸಜ್ಜನರನ್ನು ಬೈದ ಪಾಪಕ್ಕೆ ಚಿನ್ನದ ಮೈಯ ಮೀನಾಗಿ ಹುಟ್ಟುತ್ತಾನೆ. ಬಾಯಿ ತೆರೆದರೆ ಜೇತವನವೆಲ್ಲ ದುರ್ನಾತ. ಕಥೆ ಚೆನ್ನಾಗಿದೆ. ಆದರೆ ಒಸಡಿನಲ್ಲಿ ಕೀವಾದ ಮನುಷ್ಯನಿಗೆ ಇದನ್ನು ಹೇಳಿದರೆ ಅವನು ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ. ಅಮೆರಿಕದವರು ಶಸ್ತ್ರಚಿಕಿತ್ಸೆಗೆಂದು 1879ರಲ್ಲಿ ಮಾಡಿದ ಲಿಸ್ಟರೀನನ್ನು 1920ರ ದಶಕದಲ್ಲಿ ಬಾಯಿವಾಸನೆಗೆ ಮಾರಿದ್ದೂ ಇದೇ ಹೆದರಿಕೆಯ ಮೇಲೆ: ನಿಮಗೆ ಮದುವೆಯಾಗುವುದಿಲ್ಲ, ಕಾರಣ ನಿಮಗೆ ಯಾರೂ ಹೇಳುವುದಿಲ್ಲ ಎಂಬ ಜಾಹೀರಾತು.

ಆ ಜಾಹೀರಾತು ನಮ್ಮ ಗುಡಿಗೂ ಬಂತು ಎನ್ನಬೇಕು. ಹೊಳೆಯಾಚೆಯ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬಂದಳು. ಒಳ್ಳೆಯ ಹುಡುಗ, ಕಾರವಾರದಲ್ಲಿ ಕೆಲಸ. ನೋಡಿಹೋದ ಸಂಬಂಧಗಳೆಲ್ಲ ಕಾರಣ ಹೇಳದೆ ತಪ್ಪಿಹೋಗುತ್ತಿದ್ದವು. ಜ್ಯೋತಿಷಿ ರಾಹುಶಾಂತಿ ಬರೆದುಕೊಟ್ಟಿದ್ದ. ಸಂಕಲ್ಪಕ್ಕೆ ಹುಡುಗ ಬಾಗಿ ನಕ್ಷತ್ರ ಹೇಳಿದ. ರಾಹು ಎಲ್ಲಿದ್ದಾನೆಂದು ನನಗೆ ತಿಳಿಯಿತು. ಶಾಂತಿ ಮಾಡಿ ದಕ್ಷಿಣೆ ತೆಗೆದುಕೊಂಡು ಕಳಿಸಬಹುದಿತ್ತು. ತೀರ್ಥ ಕೊಟ್ಟ ಮೇಲೆ ಅವನೊಬ್ಬನನ್ನೇ ಬಾವಿಕಟ್ಟೆಯ ಹತ್ತಿರ ಕರೆದೆ. “ತಮಾ, ಬೇಜಾರು ಮಾಡ್ಕೊಳ್ಬೇಡ. ದೇವರಿಗೆ ಏನೂ ಅಡ್ಡಿ ಇಲ್ಲ. ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸು” ಎಂದೆ. ಅವನ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಬಾವಿಯೊಳಗೆ ನೋಡುತ್ತ ನಿಂತು, “ಇಷ್ಟು ದಿನ ಯಾರೂ ಹೇಳ್ಲಿಲ್ಲ ಭಟ್ರೇ” ಎಂದ. ಕೆಳದವಡೆಯ ಕೊನೆಯ ಹಲ್ಲು ಅರ್ಧ ಹೊರಬಂದು ಅರ್ಧ ಒಸಡಿನೊಳಗೇ ಇತ್ತಂತೆ. ಅದರ ಮೇಲಿನ ಒಸಡಿನ ಮಡಿಕೆಯೊಳಗೆ ಅನ್ನ ಸೇರಿ ಕೊಳೆತು ಕೀವಾಗಿತ್ತು. ಹಲ್ಲು ಕಿತ್ತರು. ಯಾವ ಲವಂಗಕ್ಕೂ ಏಲಕ್ಕಿಗೂ ಅದು ಬಗ್ಗುತ್ತಿರಲಿಲ್ಲ.

ಹುಡುಗ ಸಿಹಿ ತಂದುಕೊಟ್ಟ. ತಾಯಿ ಮಾತ್ರ ಸಿಟ್ಟಾದಳು. ರಾಹುಶಾಂತಿಗೆ ಬಂದವರಿಗೆ ಬಾಯಿ ತೊಳೆದು ಬಾ ಎಂದ ಭಟ್ಟ ಎಂದು ಊರಲ್ಲಿ ಹೇಳಿಕೊಂಡು ಬಂದಳು. ಅದರ ಪರಿಣಾಮ ನಾನು ಬಯಸಿದ್ದಲ್ಲ. ಈಗ ಸಂಕಲ್ಪದ ಹೊತ್ತಿಗೆ ಅರ್ಧ ಜನ ಸೆರಗನ್ನೋ ಟವೆಲನ್ನೋ ಬಾಯಿಗೆ ಅಡ್ಡ ಹಿಡಿಯುತ್ತಾರೆ, ಬುದ್ಧನ ಭಿಕ್ಷುವಿನಂತೆ ಒಂದು ಹೆಜ್ಜೆ ದೂರ ನಿಲ್ಲುತ್ತಾರೆ. ಒಬ್ಬನಿಗೆ ಹೇಳಿದ್ದು ಎಲ್ಲರಿಗೂ ತಾಗಿತು. ಹತ್ತಿರ ಬನ್ನಿ ಎಂದು ಕರೆಯುವುದೂ ಈಗ ನನ್ನದೇ ಕೆಲಸವಾಗಿದೆ. ನವರಾತ್ರಿಗೆ ಆ ತಾಯಿಯೂ ಬಂದಳು. ಬಾಯಿ ಮುಚ್ಚಿಕೊಂಡೇ ಏನೋ ಗೊಣಗಿದಳು. “ಸೆರಗು ತೆಗಿಯಮ್ಮ, ನಕ್ಷತ್ರ ಕೇಳಿಸ್ಲಿಲ್ಲ” ಎಂದೆ.

“ನಿಮಗೆ ಕೇಳಿಸ್ದಿದ್ರೆ ಏನಾಯ್ತು? ದೇವರಿಗೆ ಗೊತ್ತುಂಟು” ಎಂದಳು.

ನಾನು ಆಚೀಚೆ ನೋಡಿ, ಮಗನ ನಕ್ಷತ್ರವನ್ನೇ ಹೇಳಿ ಅರ್ಚನೆ ಮುಗಿಸಿದೆ.